ಅಜ್ಜಿ ಟ್ರಂಕಿನ ಪ್ಲೇಟು, ಅದಕ್ಕೊಂದು ಫೋನೋ

ಹೋದ ವರ್ಷ ದೀಪಾವಳಿ ಮುಂದ ಅಟ್ಟ ಸ್ವಚ್ಛ ಮಾಡಿದಾಗ ಅಜ್ಜಿಯ ಕಬ್ಬಿಣದ ಟ್ರಂಕು ಕೆಳಗಿಳಿದ ಕತಿ ಬರದಿದ್ದೆ, ನೆನಪದ ಏನ್ರಿ? ಆವಾಗ ಹಿತ್ತಾಳಿ ಸಾಮಾನಿನ ಸುದ್ದಿ ಅಷ್ಟ ಹೇಳಿ ಬಿಟ್ಟಿದ್ದೆ. ಟ್ರಂಕಿನ ತಳದಾಗ ಹಳೇ ಇಳಕಲ್ ಸೀರಿ ತುಂಡಿನ್ಯಾಗ ಸುತ್ತಿಟ್ಟ 19 ಗ್ರಾಮಫೋನ್ ಪ್ಲೇಟು ಇದ್ವು. ಅವುಗಳ ಕತಿ ಇವತ್ತ ಹೇಳತೇನಿ. ಮೂರ್ನಾಲ್ಕು ಮಂದಿ ಫೋನ್ ಮಾಡಿ "ನಮ್ಮನ್ಯಾಗೂ ಹಳೇ ಪ್ಲೇಟ್ ಅವ, ಚಾವಿ ಕೊಡೂ ಮಶೀನ್ ಯಾವುದು ತಗೋಬೇಕು?" ಅಂತ ಕೇಳ್ಯಾರ. ಒಂದು ಪ್ಲೇಟು ಹಾಳು ಮಾಡಿಕೊಂಡು ಕಲತದ್ದು ನಾ. ನೀವು ಹಂಗ ಕಲಿಯೂದು ಬ್ಯಾಡ ಅಂತ ಇಷ್ಟುದ್ದ ಬರೀಲಿಕ್ಕತ್ತೇನಿ.

ನಮ್ಮ ಅಜ್ಜಿ ಬಾಯಾಗ ಗ್ರಾಮಫೋನ್ ಅನ್ನೂ ಮಾತು ನಾ ಕೇಳೇ ಇಲ್ಲ. ಅಕಿ ಫೋನೋ ಅಂತಿದ್ಲು. ಖರೇ ನೋಡಿದ್ರ ಅವೆರಡೂ ಬ್ಯಾರೆ ಬ್ಯಾರೆ. ಎಡಿಸನ್ 1877ರಾಗ ಮಾಡಿದ್ದು ಫೋನೋಗ್ರಾಫ್. ಅದರಾಗ ಹಾಡು ಕೂಡೂದು ಒಂದು ಉರುಳಿ ಮ್ಯಾಲೆ, ನಮ್ಮ ಲಟ್ಟಣಗಿ ತುಂಡು ಇದ್ದಂಗ. ಹತ್ತು ವರ್ಷದ ಮ್ಯಾಲೆ, 1887ರಾಗ, ಬರ್ಲಿನರ್ ಅನ್ನೂ ಮನಷ್ಯಾ ಚಪ್ಪಟಿ ಪ್ಲೇಟಿನ ಯಂತ್ರ ಮಾಡಿ ಅದಕ್ಕ ಗ್ರಾಮಫೋನ್ ಅಂತ ಹೆಸರಿಟ್ಟ. ತುತ್ತೂರಿ ಮುಂದ ಕಿವಿ ಕೊಟ್ಟು ಕೂತ ನಾಯಿ ಚಿತ್ರ ನಿಮಗೆಲ್ಲಾ ಗೊತ್ತದ. ಆ ಚಿತ್ರ ಬರದ ಫ್ರಾನ್ಸಿಸ್ ಬರ್ರಾಡ್ ಮೊದಲ ನಾಯಿ ಮುಂದ ಉರುಳಿ ಯಂತ್ರನ ಬರದಿದ್ದ. ಗ್ರಾಮಫೋನ್ ಕಂಪನಿಯವರು ಕೊಳ್ಳೂ ಮುಂದ ಅದನ್ನ ಅಳಿಸಿ ತಮ್ಮ ಪ್ಲೇಟಿನ ಯಂತ್ರ ಬರಸಿಕೊಂಡ್ರು. ಹೆಸರು ಫೋನೋ ಅಂತನ ಇರವಲ್ದ್ಯಾಕ, ನಮ್ಮ ಕಡೆ ಮನಿಗಳಾಗ ಉಳದದ್ದು ಪ್ಲೇಟು, ಅದಕ್ಕ ಬೇಕಾದದ್ದು ಗ್ರಾಮಫೋನ್.

ಅಜ್ಜ ಹುಬ್ಬಳ್ಳಿ ರೈಲ್ವೆ ಕಾರಖಾನ್ಯಾಗ ಇದ್ದ. ಫೋನೋ ತಂದದ್ದು ಅವನ. ಕರೇ ಬಣ್ಣದ ಪೆಟ್ಟಿಗಿ, ಮುಚ್ಚಿದ್ರ ಪ್ರವಾಸದ ಸೂಟ್‌ಕೇಸ್ ಇದ್ದಂಗ. ತುತ್ತೂರಿ ಇರಲಿಲ್ಲ. ಅಜ್ಜ ತಂದದ್ದು ಖರೇ, ಆದ್ರ ಅದು ಅಜ್ಜಿ ವಸ್ತು ಆತು. ಗಂಡಸರು ಕಚೇರಿ ಕೇಳಲಿಕ್ಕೆ ಹೊರಗ ಹೋಗತಿದ್ರು, ನಾಟಕಕ್ಕ ಹೋಗತಿದ್ರು. ಅಜ್ಜಿ ಎಲ್ಲೆ ಹೋಗಬೇಕು? ಮಧ್ಯಾಹ್ನ ಎಲ್ಲಾರದೂ ಊಟ ಆಗಿ, ಮುಸರಿ ತೊಳದು, ನಡುಮನ್ಯಾಗ ಬಾಗಿಲ ಮುಂದ ಮಾಡಿಕೊಂಡು ಅಕಿ ಚಾವಿ ಕೊಡತಿದ್ಲು. ಓಣಿ ಹೆಣಮಕ್ಕಳು ಅವಲಕ್ಕಿ ಹಸನ ಮಾಡೂದು, ಬತ್ತಿ ಹೊಸಿಯೂದು ತಗೊಂಡು ಬಂದು ಕೂಡತಿದ್ರಂತ. ಒಂದು ಬಾಜೂಕ್ಕ ಮೂರು ಮಿನಿಟು. ಮೂರು ಮಿನಿಟಿಗೊಮ್ಮೆ ಕೆಲಸ ಬಿಟ್ಟು ಏಳಬೇಕಾದಾಕಿ ಅಜ್ಜಿ ಒಬ್ಬಾಕಿನ. ಬ್ಯಾರೆ ಯಾರಿಗೂ ಮುಟ್ಟಲಿಕ್ಕೆ ಕೊಡತಿರಲಿಲ್ಲ.

1950ರ ಜನವರಿ 8ಕ್ಕ ಧಾರವಾಡ ಆಕಾಶವಾಣಿ ಶುರು ಆತು. ಸ್ವಲ್ಪ ವರ್ಷಕ್ಕ ಮನ್ಯಾಗ ರೇಡಿಯೋನೂ ಬಂತು. ಚಾವಿ ಬ್ಯಾಡ, ಸೂಜಿ ಬ್ಯಾಡ, ಏಳೂದೂ ಬ್ಯಾಡ. ಫೋನೋದ ಸ್ಪ್ರಿಂಗ್ ಮುರದು ಮೂಲ್ಯಾಗ ಬಿದ್ದದ್ದನ್ನ ಯಾರೋ ಮೋಡಕಾದಂವಗ ಕೊಟ್ಟು ಎರಡು ಸ್ಟೀಲ್ ಡಬರಿ ತಗೊಂಡ್ರು. ಆ ಡಬರಿ ಒಂದು ಇನ್ನೂ ಅದ, ನಮ್ಮ ವೈನಿ ಅದರಾಗ ಹುಳಿ ಕುದಸ್ತಾಳ. ಪ್ಲೇಟು ಮಾತ್ರ ಅಜ್ಜಿ ಕೊಡಲಿಲ್ಲ.

ಇನ್ನ ಈ ಪ್ಲೇಟು ಅಂದ್ರ ಏನು ಅನ್ನೂದನ್ನ ಸ್ವಲ್ಪ ತಿಳ್ಕೊಳ್ರಿ. ಅದು ತಿಳೀದಿದ್ರ ಮಶೀನು ಆರಸಲಿಕ್ಕೆ ಬರೂದಿಲ್ಲ. ಇದು ಪ್ಲಾಸ್ಟಿಕ್ ಅಲ್ಲ, ಅರಗು. ಬಳಿ ಮಾಡೂ ಅರಗು, ಪಾಂಡವರನ್ನ ಸುಡಬೇಕು ಅಂತ ಮನಿ ಕಟ್ಟಿದ ಅರಗು, ಅದ. ಬರೇ ಅರಗು ಆದ್ರ ಸೂಜಿಗೆ ತಡೀತಿರಲಿಲ್ಲ, ಅದಕ್ಕ ನುಣ್ಣಗ ಅರದ ಕಲ್ಲಿನ ಪುಡಿ ಕೂಡಸತಿದ್ರು. ಈ ಕಲ್ಲಿನ ಪುಡಿಯೊಳಗನ ಎಲ್ಲಾ ಗುಟ್ಟದ. ಪ್ಲೇಟು ಮಿನಿಟಿಗೆ 78 ಸುತ್ತು ತಿರಗತದ. ಮೂರು ಮಿನಿಟಿಗೆ 234 ಸುತ್ತು. 10 ಇಂಚಿನ ಪ್ಲೇಟಿನ್ಯಾಗ ಒಂದು ಬಾಜೂ ಮುಗಿಯೂದ್ರಾಗ ಸೂಜಿ ನೂರು ಮೀಟರಿಗಿಂತ ಹೆಚ್ಚು ದೂರ ಕಲ್ಲಿನ ಮ್ಯಾಲೆ ಎಳಕೊಂಡು ಹೋಗಿರತದ. ಅಷ್ಟೊತ್ತಿಗೆ ಉಕ್ಕಿನ ಸೂಜಿ ತುದಿ ಸವದು ಉಳಿ ಇದ್ದಂಗ ಆಗತದ. ಅದ ಸೂಜಿ ಮತ್ತ ಇಟ್ರ ಅದು ಹಾಡೂದಿಲ್ಲ, ಕೆತ್ತತದ. ಅದಕ್ಕ ಒಂದು ಬಾಜೂಕ್ಕ ಒಂದು ಸೂಜಿ, ಆಮ್ಯಾಲೆ ಒಗದು ಬಿಡೂದು. ಅಜ್ಜಿ ಇದನ್ನ ಯಾವ ಪುಸ್ತಕದಾಗೂ ಓದಿದಾಕಿ ಅಲ್ಲ. "ಸೂಜಿ ಉಳಿಸಲಿಕ್ಕೆ ಹೋದ್ರ ಹಾಡು ಉಳಿಯೂದಿಲ್ಲ" ಅಂತಿದ್ಲಂತ, ನಮ್ಮ ಮೌಶಿ ಹೇಳತಾಳ.

ನಮ್ಮ ದೇಶದಾಗ ಈ ಉದ್ಯೋಗ ಶುರು ಆದದ್ದೂ ಹೆಣಮಕ್ಕಳ ದನಿಯಿಂದ. 1902ರಾಗ ಫ್ರೆಡ್ ಗೈಸ್‌ಬರ್ಗ್ ಕಲಕತ್ತಾಕ್ಕ ಬಂದು ಧ್ವನಿಮುದ್ರಣ ಮಾಡಿದಾಗ ಹಾಡಿದವರಾಗ ದೊಡ್ಡ ಹೆಸರು ಗೌಹರ್ ಜಾನ್ ಅವರದು. ಆವಾಗ ಮೈಕ್ ಇಲ್ಲ. ತುತ್ತೂರಿ ಬಾಯಿ ಹತ್ರ ನಿಂತು ಜೋರಾಗಿ ಹಾಡಬೇಕು, ಮೂರು ಮಿನಿಟಿನ್ಯಾಗ ರಾಗ ಮುಗಸಬೇಕು. ಹಾಡು ಮುಗದ ಮ್ಯಾಲೆ ಅವರು ಇಂಗ್ಲಿಷಿನ್ಯಾಗ ತಮ್ಮ ಹೆಸರು ತಾವ ಹೇಳತಿದ್ರು. ಶೋಕಿಗಲ್ಲ ಅದು. ಮುದ್ರಿಸಿದ್ದು ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲೆ ಪ್ಲೇಟು ಆಗಬೇಕಿತ್ತು, ಅಲ್ಲಿಯವರಿಗೆ ಹಾಡಿದವರು ಯಾರು ಅಂತ ಗೊತ್ತಾಗಬೇಕಲ್ಲ! 1908ಕ್ಕ ಕಲಕತ್ತಾದ ಸಿಯಾಲ್ದಾದಾಗ ಕಾರಖಾನಿ ಶುರು ಆದ ಮ್ಯಾಲೆ ಇಲ್ಲೇ ಪ್ಲೇಟು ಆಗಲಿಕ್ಕೆ ಹತ್ತಿದ್ವು. ಅರಗು ನಮ್ಮದ ಇತ್ತು, ಮೊದಲ ಅದನ್ನ ಹಡಗಿನ್ಯಾಗ ಕಳಿಸಿ ಪ್ಲೇಟು ಮಾಡಿಸಿ ತರಸತಿದ್ರು ನೋಡ್ರಿ. ಅಷ್ಟು ಮೆರದ ಗೌಹರ್ ಜಾನ್ ಕಡೀಕ್ಕ ಮೈಸೂರು ಅರಮನಿ ಆಶ್ರಯಕ್ಕ ಬಂದು, 1930ರಾಗ ಮೈಸೂರಿನ್ಯಾಗನ ತೀರಿಕೊಂಡ್ರು.

ನಮ್ಮ ಹುಬ್ಬಳ್ಳಿ-ಧಾರವಾಡ-ಗದಗ ಸೀಮಿಗಂತೂ ಈ ಪ್ಲೇಟಿನ ಋಣ ಭಾಳ ಅದ. ಗಂಗೂಬಾಯಿ ಹಾನಗಲ್ ಸಣ್ಣಾಕಿದ್ದಾಗ ಹೊರಗ ಗ್ರಾಮಫೋನ್ ದನಿ ಕೇಳಿದ್ರ ಸಾಕು, ಬೀದಿಗೆ ಓಡಿ ಹೋಗಿ ಕೇಳಿಕೊಂಡು ಬಂದು ಅದರಂಗ ಹಾಡಲಿಕ್ಕೆ ನೋಡತಿದ್ರಂತ. ಗದಗಿನ ಭೀಮಸೇನ ಜೋಶಿ ಹುಡುಗ ಇದ್ದಾಗ ಅಂಗಡ್ಯಾಗ ಅಬ್ದುಲ್ ಕರೀಂ ಖಾನರ ಠುಮರಿ ಪ್ಲೇಟು ಕೇಳಿ, ಹಿಂಗ ಹಾಡೂದು ಕಲೀಬೇಕು ಅಂತ 1933ರಾಗ ಮನಿ ಬಿಟ್ಟು ಓಡಿಹೋದ್ರು. ಆವಾಗ ಅವರಿಗೆ 11 ವರ್ಷ. ಆಮ್ಯಾಲೆ ಇಬ್ಬರೂ ಕಲತದ್ದು ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರ ಹತ್ರ.

ನಮ್ಮ ಟ್ರಂಕಿನ್ಯಾಗ ಎಲ್ಲಾಕಿಂತ ಮ್ಯಾಲೆ, ಬ್ಯಾರೆ ಅರಿವ್ಯಾಗ ಸುತ್ತಿದ್ದು ಒಂದು ಪ್ಲೇಟು. ಲೇಬಲ್ ಮ್ಯಾಲೆ ಹೆಸರು ಗಾಂಧಾರಿ. ನಮ್ಮ ಅಣ್ಣನ ಮಗಳು "ಯಾರಿಕಿ ಗಾಂಧಾರಿ? ಮಹಾಭಾರತದ ನಾಟಕೇನು?" ಅಂದ್ಲು. ಗಂಗೂಬಾಯಿ ಹಾನಗಲ್‌ರ ಮೊದಲಿನ ಪ್ಲೇಟು, 1930ರ ದಶಕದ ಮೊದಲಿನವು, ಆ ಹೆಸರಿನ್ಯಾಗ ಬಂದ್ವು ಅನ್ನೂದು ಈಗಿನ ಹುಡುಗರಿಗೆ ಎಲ್ಲೆ ಗೊತ್ತಿರಬೇಕು? ನಾವೆಲ್ಲಾ ಕೇಳಿದ್ದು ಅವರ ಗಂಭೀರ ದನಿ, ಕಣ್ಣು ಮುಚ್ಚಿ ಕೇಳಿದ್ರ ಗಂಡಸರದು ಅನ್ನೂ ಹಂಗ. ಗಂಟಲು ಬ್ಯಾನಿ ಆಗಿ, ಚಿಕಿತ್ಸಾ ಆದ ಮ್ಯಾಲೆ ಬಂದ ದನಿ ಅದು. ಅದಕ್ಕಿಂತ ಮೊದಲಿನ ದನಿ ಸಣ್ಣದು, ಏರು ದನಿ, ಹುಡುಗಿದು. ಆ ದನಿ ಅವರ ಗಂಟಲಿನ್ಯಾಗೂ ಉಳೀಲಿಲ್ಲ, ಇಂಥಾ ಪ್ಲೇಟಿನ್ಯಾಗ ಅಷ್ಟ ಉಳದದ.

ಮೌಶಿಗೆ ಈಗ 86. ಟ್ರಂಕು ಇಳಿದ ಸುದ್ದಿ ತಿಳದ ದಿನಾನ "ಅವ್ವನ ಗಾಂಧಾರಿ ಪ್ಲೇಟು ಅದ ಏನ? ನನಗ ಒಮ್ಮೆ ಕೇಳಸ್ರಿ" ಅಂದ್ಲು. ಅಷ್ಟ ಆತು. ನಮ್ಮ ಅಣ್ಣನ ಮಗ, ಭಾಳ ಪ್ರೀತಿ ಹುಡುಗ, ಹದಿನೈದು ದಿನದಾಗ ಒಂದು ದೊಡ್ಡ ಡಬ್ಬಿ ಹೊತಗೊಂಡು ಬಂದ. ಬಿಚ್ಚಿದ್ರ ಝಗಝಗ ಹೊಳಿಯೂ ಹಿತ್ತಾಳಿ ತುತ್ತೂರಿ, ಕೆಳಗ ಎಂಟು ಮೂಲಿ ಕಟಗಿ ಪೆಟ್ಟಿಗಿ, ಅದಕ್ಕ ನಾಯಿ ಚಿತ್ರದ ಬಿಲ್ಲಿ. ನೂರು ವರ್ಷದ ಹಳೇದು ಅಂತ ಮಾರಿದವರು ಹೇಳ್ಯಾರ, 14 ಸಾವಿರ ಕೊಟ್ಟಾನ. ಜೊತಿಗೆ ಮೂರು ಸೂಜಿ. ಒಂದು ಸೂಜಿಗೆ ಐವತ್ತು ಪ್ಲೇಟು ಹಚ್ಚಬಹುದು ಅಂದಿದ್ರಂತ! ನನಗ ಆವಾಗ ಏನೂ ಗೊತ್ತಿರಲಿಲ್ಲ, ಆದ್ರೂ ಅಜ್ಜಿ ಮಾತು ನೆನಪಾಗಿ ಗಾಂಧಾರಿ ಪ್ಲೇಟು ತಗೀಬ್ಯಾಡ ಅಂದೆ. ಒಂದು ನಾಟಕದ ಹಾಡಿನ ಪ್ಲೇಟು ಹಚ್ಚಿದ್ವಿ. ದನಿ ಒಮ್ಮೆ ಮ್ಯಾಲೆ, ಒಮ್ಮೆ ಕೆಳಗ, ಜ್ವರ ಬಂದವರಂಗ. ನಡುವ ಸೂಜಿ ಜಾರಿ ಹೋತು. ಎರಡನೇ ಸಲ ಹಚ್ಚಿದ ಮ್ಯಾಲೆ ನೋಡಿದ್ರ ಪ್ಲೇಟಿನ ಮ್ಯಾಲೆ ಬೂದಿ ಬಣ್ಣದ ಪುಡಿ. ನಾ ಧೂಳ ಅಂದುಕೊಂಡು ಸೆರಗಿನಿಂದ ಒರಸಿದೆ. ಅದು ಧೂಳಲ್ರಿ, ಹಾಡು. ಈಗ ಆ ಪ್ಲೇಟು ಎದರ ಮ್ಯಾಲೆ ಇಟ್ರೂ ಬರೇ ಮಳಿ ಸುರದಂಗ ಸಪ್ಪಳ.

ಆಮ್ಯಾಲೆ ಗೊತ್ತಿದ್ದವರು ಬೆಳಗಾವ್ಯಾಗ ಇಂಥಾವನ್ನ ರಿಪೇರಿ ಮಾಡೂ ಹಿರಿಯರೊಬ್ಬರ ಹೆಸರು ಹೇಳಿದ್ರು. ನಾ ಮಶೀನಿನ ಸುದ್ದಿ ತಗದ್ರ ಅವರು ಕೈ ಅಡ್ಡ ಮಾಡಿದ್ರು. "ಅಕ್ಕಾರ, ಮಶೀನ್ ಆಮ್ಯಾಲೆ. ಮೊದಲ ಪ್ಲೇಟು ತೋರಸ್ರಿ" ಅಂದ್ರು. ಸೊಸಿ ತರೂ ಮುಂದ ಮನಿ ನೋಡಿದಂಗ ಆತಲ್ಲ ಇದು ಅಂತ ನನಗ ನಗಿ ಬಂತು. ಅವರು ಒಂದೊಂದ ಪ್ಲೇಟು ಬೆಳಕಿಗೆ ಹಿಡದು, ಲೇಬಲ್ ಓದಿ, ಮೂರು ಗುಡ್ಡಿ ಮಾಡಿದ್ರು.

ಮೊದಲನೇ ಗುಡ್ಡ್ಯಾಗ ನಾಲ್ಕು, ಮೈಕ್ ಬರೂಕ್ಕಿಂತ ಮೊದಲಿನವು. ಎರಡನೇದರಾಗ ಒಂಬತ್ತು, 1930-40ರ ದಶಕದವು, ಮೈಕಿನ ಮುಂದ ಹಾಡಿದ್ದು. ಗಾಂಧಾರಿ ಪ್ಲೇಟೂ, ನಾವು ಹಾಳು ಮಾಡಿದ್ದೂ ಇದರಾಗ. ಮೂರನೇದರಾಗ ಆರು, 1950ರ ಆಮ್ಯಾಲಿನ ಸಿನೆಮಾ ಹಾಡು. ನಮ್ಮ ದೇಶದಾಗ 1960ರ ದಶಕದ ಕೊನಿತನಾ 78ರ ಪ್ಲೇಟು ಬರತಿದ್ವು. ಈ ಮೂರನೇ ಗುಡ್ಡಿ ಚಾವಿ ಮಶೀನಿಗೆ ಇಡಲೇಬ್ಯಾಡ್ರಿ ಅಂದ್ರು. ಅವು ಹಗುರ ಸೂಜಿಯ ಕರೆಂಟ್ ಮಶೀನಿನ ಕಾಲದವು. ಚಾವಿ ಮಶೀನಿನ ತಲಿ ಪ್ಲೇಟಿನ ಮ್ಯಾಲೆ ಒತ್ತೂದು 100 ಗ್ರಾಮಿಗಿಂತ ಹೆಚ್ಚು, ಈಗಿನ ಕರೆಂಟ್ ಪ್ಲೇಯರಿಂದು ಎರಡೋ ಮೂರೋ ಗ್ರಾಮ್. ಅವನ್ನ ಕರೆಂಟ್ ಪ್ಲೇಯರಿಗೇ ಹಚ್ಚಬೇಕು, ಅದೂ 78ರ ದಪ್ಪ ಸೂಜಿ ಹಾಕಿ. ಮತ್ತ ಎಲ್‌ಪಿ ಅಂತೀವಲ್ಲ, ಆ ಪ್ಲಾಸ್ಟಿಕ್ ಪ್ಲೇಟನ್ನ ಚಾವಿ ಮಶೀನಿಗೆ ಇಟ್ರ ಒಂದ ಸಲಕ್ಕ ಅದರ ಕತಿ ಮುಗೀತು.

ನಮ್ಮ ಹಿತ್ತಾಳಿ ತುತ್ತೂರಿ ಫೋಟೋ ತೋರಸಿದೆ. ನೋಡಿದ ಕೂಡ್ಲೆ ತಲಿ ಅಲ್ಲಾಡಿಸಿದ್ರು. ಹೊಸಾ ಕಟಗಿ, ಹೊಸಾ ಹಿತ್ತಾಳಿ, ಒಳಗ ಯಾವುದೋ ಮುರಕ ಪೆಟ್ಟಿಗಿಯ ಮೋಟಾರ. ಹೆಂಗ ಗೊತ್ತಾತ್ರಿ ಅಂದೆ. ಸ್ಕ್ರೂ ನೋಡ್ರಿ ಅಂದ್ರು. ತಲಿ ಮ್ಯಾಲೆ ಕೂಡಸೂ ಗುರತಿನಂಗ ಅಡ್ಡ-ಉದ್ದ ಗೀರು ಇರೂ ಸ್ಕ್ರೂ ಬಂದದ್ದ 1930ರ ದಶಕದಾಗ, ನೂರು ವರ್ಷದ ಪೆಟ್ಟಿಗ್ಯಾಗ ಅದು ಎಲ್ಲಿಂದ ಬರಬೇಕು? ಹಳೇ ತುತ್ತೂರಿ ಭಾಳಷ್ಟು ಬಣ್ಣ ಹಚ್ಚಿದ ತಗಡಿನವು ಇರತಿದ್ವು, ಹಿಂಗ ಕನ್ನಡಿ ಇದ್ದಂಗ ಹೊಳೀತಿರಲಿಲ್ಲ. ಎಲ್ಲಾಕಿಂತ ಕೆಟ್ಟದ್ದು ಅದರ ತೋಳು. ಸೂಜಿ ಹಿಡಕೊಂಡು ಒಳಗ ಸರಿಯೂ ತೋಳು ಸಡಿಲ ಇದ್ರ, ಅಳತಿ ತಪ್ಪಿದ್ರ, ಸೂಜಿ ಸಾಲಿನ ನಡುವ ನಿಲ್ಲೂದಿಲ್ಲ, ಬಾಜೂ ಗ್ವಾಡಿ ಕೆರೀತದ. ದಿವಾಣಖಾನ್ಯಾಗ ಇಟ್ಟು ನೋಡಲಿಕ್ಕೆ ಆ ಹಿತ್ತಾಳಿ ಚಂದನ ಅದ, ಈಗ ಅದ ಕೆಲಸಕ್ಕ ಇಟ್ಟೇವಿ. ಅಣ್ಣನ ಮಗ ಪಾಪ ಮಾರಿ ಸಣ್ಣದು ಮಾಡಿಕೊಂಡಾನ, ಅವಗ ಯಾರೂ ಏನೂ ಅನಬ್ಯಾಡ್ರಿ.

ಅವರ ಹತ್ರ ಮಾರಲಿಕ್ಕೆ ಎರಡು ಇದ್ವು. ಒಂದು ತೇಗದ ಮೇಜಿನ ಪೆಟ್ಟಿಗಿ, ಸೌಂಡ್ ಬಾಕ್ಸಿನ್ಯಾಗ ಕಾಗಿಬಂಗಾರದ ತೆಳು ಬಿಲ್ಲಿ. ಸೂಜಿ ನಡಗಿದ್ರ ಆ ಬಿಲ್ಲಿ ನಡಗತದ, ಅದ ದನಿ. ಇನ್ನೊಂದು ಕರೇ ಸೂಟ್‌ಕೇಸ್ ನಮೂನಿ, ಎಚ್‌ಎಂವಿ 102. ಇದು 1931ಕ್ಕ ಬಂದು 1950ರ ದಶಕದ ಕೊನಿತನಾ ತಯಾರಾಗತಿತ್ತು, ಅದಕ್ಕ ಇವತ್ತಿಗೂ ಸಿಗತದ, ಬಿಡಿ ಭಾಗನೂ ಸಿಗತಾವ. ಇದರ ಬಿಲ್ಲಿ ಅಲ್ಯುಮಿನಿಯಂದು. ತುತ್ತೂರಿ ಒಳಗನ ಮಡಚಿಕೊಂಡು ಹಿಂದ ಬಂದು ಬಾಯಿ ತಗದಿರತದ, ಎತ್ತಿದ ಮುಚ್ಚಳಕ್ಕ ಬಡದು ದನಿ ನಮ್ಮ ಕಡೆ ಬರತದ. ಮೈಕ್ ಮುಂದಿನ ಹಾಡಿಗೆ ಅಲ್ಯುಮಿನಿಯಂ ಛಲೋ, ಅದಕ್ಕಿಂತ ಹಳೇದಕ್ಕ ಕಾಗಿಬಂಗಾರ ಛಲೋ ಅಂದ್ರು. ನಮ್ಮವು ಒಂಬತ್ತು ಅಲ್ಲಿ, ನಾಲ್ಕು ಇಲ್ಲಿ. ನನಗ ತೇಗದ ಪೆಟ್ಟಿಗಿ ಮ್ಯಾಲೆ ಕಣ್ಣಿತ್ತು, ಸುಳ್ಳು ಯಾಕ ಹೇಳಲಿ. ಆದ್ರ ಮೌಶಿ ಕೇಳಿದ್ದು ಗಾಂಧಾರಿ. ಕರೇದ ತಗೊಂಡೆ, 16 ಸಾವಿರಕ್ಕ.

ತಗೊಳ್ಳೂ ಮುಂದ ಅವರು ನನ್ನ ಕಡಿಂದನ ಪರೀಕ್ಷಾ ಮಾಡಿಸಿದ್ರು. ನೀವೂ ಇದನ್ನ ಬಿಡಬ್ಯಾಡ್ರಿ. ಚಾವಿ ಕೊಡೂ ಮುಂದ ಕೈಗೆ ಒಂದ ಸಮ ಬಿಗಿ ಹತ್ತಬೇಕು, ನಡುನಡುವ ಧಡ್ ಅಂದ್ರ ಸ್ಪ್ರಿಂಗಿನ ಎಣ್ಣಿ ಗಟ್ಟಿ ಆಗೇದ. ಆಮ್ಯಾಲೆ ಅವರದ ಒಂದು ಕೆಲಸಕ್ಕ ಬಾರದ ಪ್ಲೇಟು ಇಟ್ಟು, ಅದರ ಅಂಚಿಗೆ ಬಿಳೀ ಕಾಗದದ ಚೂರು ಸಿಗಿಸಿ, ಸೂಜಿ ಇಟ್ಟು, ಮೊಬೈಲ್ ನೋಡಿಕೋತ ಒಂದು ಮಿನಿಟು ಸುತ್ತು ಎಣಿಸಿದೆ. 74 ಬಂತು. ಅವರು ಒಂದು ಸ್ಕ್ರೂ ಸರಸಿದ್ರು, ಮತ್ತ ಎಣಿಸಿದೆ, 78. ಸೂಜಿ ಇಡದ ಎಣಿಸಿದ್ರ ಉಪಯೋಗ ಇಲ್ಲ, ಸೂಜಿ ಭಾರಕ್ಕ ವೇಗ ಇಳೀತದ. ಒಳಗ ಮೂರು ಸಣ್ಣ ಗುಂಡು ಅವ, ಹುಡುಗ್ಯಾರು ಗಿರಗಿರ ತಿರಗಿದ್ರ ಪರಕಾರ ಅರಳತದಲ್ಲ, ಹಂಗ ವೇಗ ಹೆಚ್ಚಾದ್ರ ಅವು ಅರಳಿ ಬ್ರೇಕ್ ಹಿಡೀತಾವ. ಎಷ್ಟು ಶಾಣ್ಯಾ ಕೆಲಸ ನೋಡ್ರಿ, ಕರೆಂಟ್ ಇಲ್ಲ ಏನಿಲ್ಲ! ಸೌಂಡ್ ಬಾಕ್ಸಿನ್ಯಾಗಿನ ರಬ್ಬರ್ ಬಳಿ ಕಟಗಿ ಆಗಿತ್ತು, ದನಿ ಗುಯ್ಯ್ ಅಂತಿತ್ತು, ಹೊಸಾದು ಹಾಕಿಸಿದೆ. 200 ಸೂಜಿ ಡಬ್ಬಿ ಎರಡು ತಗೊಂಡೆ.

ಪ್ಲೇಟು ತೊಳಿಯೂದು ಹೆಂಗ ಅಂತ ಕೇಳಿದೆ. ನೀರಿನ್ಯಾಗ ಒಂದು ಹನಿ ಮೆತ್ತನ್ನ ಸೋಪು, ಮೆತ್ತನ್ನ ಅರಿವಿ, ಲೇಬಲ್ ತೋಯಿಸಬಾರದು, ಕೂಡ್ಲೆ ಒಣಾ ಅರಿವಿಯಿಂದ ಒರಸಬೇಕು. ಸ್ಪಿರಿಟ್ ಮಾತ್ರ ಮುಟ್ಟಸಬಾರದು, ಅರಗು ಅದರಾಗ ಕರಗಿ ಹೋಗತದ. ಕೈ ತೊಳಿಯೂ ಸ್ಯಾನಿಟೈಸರ್ ಹಚ್ಚಿಕೊಂಡ ಕೈಲೆ ಪ್ಲೇಟು ಹಿಡಿಯೂದೂ ಬ್ಯಾಡ.

ಮನಿಗೆ ಬಂದ ಮ್ಯಾಲೆ ಜಗಳ. ಅಣ್ಣನ ಮಗಳು ಹಚ್ಚಲೇಬ್ಯಾಡ ಅಂತ ಹಟ ಹಿಡದ್ಲು. ಎಷ್ಟ ಛಲೋ ಮಶೀನ್ ಇದ್ರೂ ಒಮ್ಮೆ ಹಚ್ಚಿದ್ರ ಅಷ್ಟು ಸವೀತದ, ಹೌದಲ್ಲೋ? ಹಂಗಿದ್ರ ಅದನ್ನ ಹಂಗ ಇಡೋಣ, ಅಜ್ಜಿಗೆ ಫೋನಿನ್ಯಾಗ ಹುಡುಕಿ ಕೇಳಸತೇನಿ ಅಂದ್ಲು. ಅಕಿ ಮಾತಿನ್ಯಾಗ ತಪ್ಪಿಲ್ಲ. ಆದ್ರ ಮೌಶಿ ಕೇಳಿದ್ದು ಬರೇ ಹಾಡಲ್ಲ, ಅವರವ್ವನ ಪ್ಲೇಟು. ಅಜ್ಜಿ ಅದನ್ನ ಎಪ್ಪತ್ತು ವರ್ಷ ಹಿಂದ ಎಷ್ಟ ಮಧ್ಯಾಹ್ನ ಹಚ್ಚಿದ್ಲೋ, ಆ ಸವತನಾನೂ ಅದರಾಗ ಅದ. ಕಡೀಕ್ಕ ಒಂದು ಒಪ್ಪಂದ ಆತು. ಒಂದು ಬಾಜೂ ಹಚ್ಚೂದು, ಹೊಸಾ ಸೂಜಿ ಹಾಕಿ, ಅದ ವ್ಯಾಳ್ಯಾಕ್ಕ ಅಕಿ ಫೋನಿನ್ಯಾಗ ಧ್ವನಿ ಹಿಡಕೊಳ್ಳೂದು. ಆಮ್ಯಾಲೆ ವರ್ಷಕ್ಕ ಒಂದ ಸಲ.

ರವಿವಾರ ಮಧ್ಯಾಹ್ನ ಮೌಶಿನ್ನ ಕರಕೊಂಡು ಬಂದ್ವಿ. ಅಕಿ ಆರಾಮ ಖುರ್ಚಿ ಬ್ಯಾಡ ಅಂದು ನೆಲದ ಮ್ಯಾಲೆ ಗ್ವಾಡಿಗೆ ಆನಿಕೊಂಡು ಕೂತ್ಲು. ನಾ ಚಾವಿ ಕೊಟ್ಟು, ಸೂಜಿ ಬದಲಿ ಮಾಡಿ, ಉಸಿರು ಬಿಗಿ ಹಿಡದು ಇಟ್ಟೆ. ಮೊದಲ ಎಣ್ಣ್ಯಾಗ ಸಾಸಿವಿ ಹಾಕಿದಂಗ ಚಿಟಿಚಿಟಿ. ಆಮ್ಯಾಲೆ ಆ ಹುಡುಗಿ ದನಿ. ನಮ್ಮ ವೈನಿ ಒಳಗಿಂದ ಸೌಟು ಹಿಡಕೊಂಡ ಬಂದು ಬಾಗಿಲಿನ್ಯಾಗ ನಿಂತಳು. ಇದು ಗಂಗೂಬಾಯಿ ಆಗಲಿಕ್ಕೆ ಸಾಧ್ಯನ ಇಲ್ಲ ಅಂತ ಆಮ್ಯಾಲೂ ಅಕಿ ವಾದ.

ಮೌಶಿ ಕಣ್ಣು ಮುಚ್ಚಿ ಕೂತಿದ್ಲು. ಹಾಡು ಇನ್ನೂ ಮುಗದಿರಲಿಲ್ಲ, ಏಕದಂ ಕಣ್ಣು ತಗದು "ಏಳ, ಏಳ, ತಗದಿಡು, ಈಗ ಮುಗೀತದ, ಕೊನಿ ಸಾಲಿನ್ಯಾಗ ಸೂಜಿ ಸುಮ್ಮನ ತಿರಗಬಾರದು, ಅವ್ವ ಬೈತಾಳ" ಅಂದ್ಲು. ಎದ್ದು ಓಡಿದೆ. ಅಕಿ ಹೇಳಿದಂಗನ ಎರಡು ಸುತ್ತಿಗೆ ಹಾಡು ಮುಗೀತು. ಸವದ ಸೂಜಿ ತಗದು ಒಗಿಯಲಿಕ್ಕೆ ಹೊಂಟ್ರ "ಇಲ್ಲೆ ತಾ" ಅಂತ ಕೈ ಚಾಚಿದ್ಲು. ಅದನ್ನ ಕಾಗದದಾಗ ಸುತ್ತಿ ಸಂಚ್ಯಾಗ ಇಟಗೊಂಡು ಹೋಗ್ಯಾಳ.